ಚಿನ್ನಿ ಪುಕ್ಕ ಬಿಟ್ಟ ಮೂರು ತಿಂಗಳು

ಶಿವರಾತ್ರಿ ಮುಗಿದು ಮೂರನೇ ದಿನ. ಮದುವೆ ಮನೆಯೊಂದರ ಹನ್ನೊಂದು ಬ್ಲೌಸ್ ಹೊಲಿದು ಕೊಡುವುದಿತ್ತು. ಮರೂನ್ ಬಣ್ಣದ ರೇಷ್ಮೆ ಪೀಸಿಗೆ ಲೈನಿಂಗ್ ಕೂಡಿಸೋಣವೆಂದು ಮಡಿಕೆ ಬಿಡಿಸಿದರೆ ಒಳಗೆ ಬೆರಳುದ್ದದ ಒಂದು ಬೂದು ಗರಿ. ಸಂಜೆಯೊಳಗೆ ಮಷಿನ್ನಿನ ಕೆಳಗೆ, ಚಿಂದಿ ಬುಟ್ಟಿಯಲ್ಲಿ, ಮಗಳ ಹೋಂವರ್ಕ್ ಪುಸ್ತಕದ ಸಂದಿಯಲ್ಲಿ ಎಲ್ಲ ಸೇರಿ ಹದಿನಾಲ್ಕು ಪುಕ್ಕ ಆರಿಸಿದೆ. ಭಯವಾಗಿತ್ತು, ಅದಕ್ಕೇ ಎಣಿಸಿದ್ದು.

ಈಗ ಜೂನ್. ದಾವಣಗೆರೆಗೆ ಮಳೆ ಬಂದಿದೆ, ಹಕ್ಕಿ ಹೊಸ ಮೈಯಲ್ಲಿ ಕೂತು ಸಿಳ್ಳೆ ಹಾಕುತ್ತಿದೆ. ನಡುವಿನ ಮೂರು ತಿಂಗಳು ನಾವು ಪಟ್ಟ ಪಾಡಿನಲ್ಲಿ ಅರ್ಧ, ಗೊತ್ತಿಲ್ಲದ್ದರಿಂದ ಪಟ್ಟದ್ದು. ಮೊದಲ ಸಲ ಹಕ್ಕಿ ಸಾಕಿ, ಒಂದು ಬೆಳಿಗ್ಗೆ ಪಂಜರದ ತಳದ ತುಂಬ ಪುಕ್ಕ ಕಂಡು ಎದೆ ಧಸಕ್ಕೆಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಚಿನ್ನಿ ಕಾಕಟೀಲ್ ಮರಿ. ಆಸ್ಟ್ರೇಲಿಯಾ ಮೂಲದ ಪುಟ್ಟ ಗಿಳಿ, ಜುಟ್ಟಿನ ಗಿಳಿಗಳಾದ ಕಾಕಟೂಗಳ ಕುಟುಂಬದ್ದು. ತಲೆ ಮೇಲೆ ಜುಟ್ಟು, ಕೆನ್ನೆ ಮೇಲೆ ಕಿತ್ತಳೆ ಬೊಟ್ಟು, ಉಳಿದ ಮೈ ಬಹುಪಾಲು ಬೂದು. ದೀಪಾವಳಿ ಹೊತ್ತಿಗೆ 4,500 ರೂಪಾಯಿ ಕೊಟ್ಟು ತಂದೆವು, ಆಗ ಅದಕ್ಕೆ ಎರಡೂವರೆ ತಿಂಗಳು. ಮಾರಿದವರು "ಹೆಣ್ಣು" ಅಂದರು, ಆರನೇ ಕ್ಲಾಸಿನ ಮಗಳು ಚಿನ್ನಿ ಅಂತ ಕರೆದಳು. ಹಾರಿಹೋಗಬಾರದೆಂದು ಅವರೇ ಎರಡೂ ರೆಕ್ಕೆಯ ಉದ್ದ ಗರಿಗಳನ್ನು ಕತ್ತರಿಸಿ ಕೊಟ್ಟಿದ್ದರು. ಬಟ್ಟೆ ಕತ್ತರಿಸುವವಳು ನಾನು, ಆ ಕತ್ತರಿ ಗುರುತು ನೋಡಿ ಆವತ್ತು ಏನೂ ಅನ್ನಿಸಲಿಲ್ಲ. ಮುಂದೆ ನಮ್ಮನ್ನು ಬೆಂಗಳೂರಿನವರೆಗೆ ಓಡಿಸಿದ್ದು ಅದೇ ಕತ್ತರಿ.

ಮೊದಲ ವಾರ ನಾವು ಮಾಡಿದ್ದೆಲ್ಲ ತಪ್ಪು. ಅತ್ತೆ ಪಂಜರದ ಮುಂದೆ ನಿಂತು, "ಏನವ್ವಾ ಇದು, ಹಕ್ಕಿ ಬೋಳಾಗ್ತಾ ಐತಲ್ಲ, ಯಾರದೋ ದೃಷ್ಟಿ ತಾಗೈತೆ" ಎಂದು ಉಪ್ಪು ನಿವಾಳಿಸಿದರು. ನಾನು ಊರಿನ ಒಂದು ಹಕ್ಕಿ ಅಂಗಡಿಗೆ ಹೋಗಿ ಕೇಳಿದೆ. ಹಕ್ಕಿ ನೋಡದೆಯೇ, "ಹೇನು ಆಗಿರ್ತಾವೆ ಅಕ್ಕ, ಇದನ್ನು ಹೊಡೀರಿ" ಎಂದು 180 ರೂಪಾಯಿಯ ಒಂದು ಸ್ಪ್ರೇ ಕೊಟ್ಟರು. ಬಾಟಲಿ ಮೇಲೆ ಬರೆದದ್ದನ್ನು ಮಷಿನ್ನಿನ ದೀಪದಡಿ ಹಿಡಿದು ಓದಿದಾಗ ಅದು ನಾಯಿಗಳಿಗೆ ಹೊಡೆಯುವ ಔಷಧ ಅಂತ ತಿಳಿಯಿತು. ಪುಣ್ಯಕ್ಕೆ ಒಂದು ಹನಿಯೂ ಅದರ ಮೈಗೆ ಬೀಳಲಿಲ್ಲ. ದಯವಿಟ್ಟು ನೀವೂ ಹೊಡೆಯಬೇಡಿ. ತೊಂಬತ್ತು ಗ್ರಾಂ ತೂಗದ ಜೀವ ಅದು, ಅದರ ಉಸಿರಿನ ಚೀಲಗಳು ಬಹಳ ನಾಜೂಕು.

ಮಾರನೇ ದಿನ ನಮ್ಮ ಬಡಾವಣೆಯ ಹತ್ತಿರದ ಪಶುವೈದ್ಯರ ಬಳಿ ಹೋದೆ. ಒಳ್ಳೆಯವರು. "ನಾನು ದನ, ಎಮ್ಮೆ, ನಾಯಿ ನೋಡೋನಮ್ಮ, ಹಕ್ಕಿ ಬಗ್ಗೆ ಸುಳ್ಳು ಹೇಳಲ್ಲ" ಎಂದು ಬಾಯಿಬಿಟ್ಟು ಹೇಳಿದರು. ಬೆಂಗಳೂರಿನಲ್ಲಿ ಬರೀ ಹಕ್ಕಿ, ಮೊಲ, ಆಮೆ ನೋಡುವ ಡಾಕ್ಟರ್ ಒಬ್ಬರ ನಂಬರ್ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಆ ನಂಬರಿಗೆ ಎರಡು ದಿನ ಫೋನ್ ಹತ್ತಲಿಲ್ಲ. ಮೂರನೇ ದಿನ ರಾತ್ರಿ ಒಂಬತ್ತಕ್ಕೆ ಅವರೇ ವಾಪಸ್ ಮಾಡಿದರು. ಎಂಟು ಫೋಟೊ ತರಿಸಿಕೊಂಡರು: ಎರಡೂ ರೆಕ್ಕೆ ಬಿಡಿಸಿದ್ದು, ಬಾಲದ ಅಡಿ, ತಲೆ, ಎದೆ, ಹಿಕ್ಕೆ. ನೋಡಿ, "ಇದು ಕಾಯಿಲೆ ಅಲ್ಲಮ್ಮ. ಮೊದಲನೇ ಮೋಲ್ಟ್, ಅಂದರೆ ಹಳೆ ಪುಕ್ಕ ಉದುರಿ ಹೊಸದು ಬರೋದು. ಆರು ತಿಂಗಳಿಗೆ ಸರಿಯಾಗಿ ಶುರುವಾಗಿದೆ" ಎಂದರು. ಅಡುಗೆಮನೆ ಮೆಟ್ಟಿಲ ಮೇಲೆ ಕೂತಿದ್ದೆ. ಅಲ್ಲೇ ಅತ್ತುಬಿಟ್ಟೆ.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಬೆಳೆದು ನಿಂತ ಗರಿ ನಮ್ಮ ಉಗುರಿನಂತೆ ಜೀವವಿಲ್ಲದ್ದು. ತಿಕ್ಕಾಡಿ, ಬಿಸಿಲಿಗೆ ಬಣ್ಣಗೆಟ್ಟು, ತುದಿ ಸವೆದು ಹಳತಾಗುತ್ತದೆ. ಅದನ್ನು ರಿಪೇರಿ ಮಾಡಲು ಬರುವುದಿಲ್ಲ, ಬದಲಿಸಲೇಬೇಕು. ಚರ್ಮದೊಳಗಿನಿಂದ ಹೊಸ ಗರಿ ಬೆಳೆದು ಹಳೆಯದನ್ನು ಹೊರಗೆ ತಳ್ಳುತ್ತದೆ. ಎಲ್ಲ ಒಟ್ಟಿಗೆ ಬೀಳುವುದಿಲ್ಲ. ಎಡರೆಕ್ಕೆಯಲ್ಲಿ ಒಂದು ಬಿದ್ದರೆ ಒಂದೆರಡು ದಿನದಲ್ಲಿ ಬಲರೆಕ್ಕೆಯಲ್ಲಿ ಅದೇ ಜಾಗದ್ದು ಬೀಳುತ್ತದೆ, ಹಾರಾಟದ ತೂಕ ತಪ್ಪದಿರಲಿ ಅಂತ. ಗಿಳಿ ಜಾತಿಯಲ್ಲಿ ರೆಕ್ಕೆಯ ಉದ್ದ ಗರಿಗಳ ಬದಲಾವಣೆ ನಡುವಿನಿಂದ ಶುರುವಾಗಿ ಎರಡೂ ಕಡೆಗೆ ಹೋಗುತ್ತದಂತೆ. ನಾನು ಬಿದ್ದ ಗರಿಗಳನ್ನು ಜೋಡಿ ಜೋಡಿ ಮಾಡಿ ಹಳೆಯ ಡೈರಿಯಲ್ಲಿ ಅಂಟಿಸುತ್ತಾ ಹೋದೆ. ಹತ್ತೇ ದಿನದಲ್ಲಿ ಲೆಕ್ಕ ಕಣ್ಣಿಗೆ ಕಂಡಿತು: ಎಡಕ್ಕೊಂದು, ಬಲಕ್ಕೊಂದು.

ಯಾವುದಕ್ಕೆ ಹೆದರಬೇಕು ಅಂತಲೂ ಅವರು ಹೇಳಿದರು, ಇದನ್ನು ಬರೆದಿಟ್ಟುಕೊಳ್ಳಿ. ಮೋಲ್ಟ್ ಆಗುವ ಹಕ್ಕಿಯ ಪುಕ್ಕ ತೆಳುವಾಗುತ್ತದೆ, ಆದರೆ ತೇಪೆ ತೇಪೆಯಾಗಿ ಬೋಳು ಚರ್ಮ ಕಾಣಬಾರದು. ತಲೆ ಮಾತ್ರ ನೆಟ್ಟಗಿದ್ದು ಎದೆ, ಕಾಲು ಬೋಳಾಗಿದ್ದರೆ ಹಕ್ಕಿ ತಾನೇ ಕಿತ್ತುಕೊಳ್ಳುತ್ತಿದೆ ಎಂದು ತಿಳಿಯಬೇಕು, ಯಾಕೆಂದರೆ ತಲೆಗೆ ಅದರ ಕೊಕ್ಕು ಎಟುಕುವುದಿಲ್ಲ. ಹೊಸದಾಗಿ ಬಂದ ಗರಿಗಳೇ ಸೊಟ್ಟಗೆ, ನಡು ಹಿಚುಕಿದ ಹಾಗೆ ಇದ್ದರೆ ಕೊಕ್ಕು-ಗರಿ ರೋಗದ ವೈರಸ್ ಇದೆಯೇ ಅಂತ ಪರೀಕ್ಷೆ ಮಾಡಿಸಬೇಕು. ಮೈ ಉಬ್ಬಿಸಿಕೊಂಡು ಪಂಜರದ ತಳದಲ್ಲೇ ಕೂರುವುದು, ಉಸಿರಿಗೆ ಉಸಿರಿಗೆ ಬಾಲ ಮೇಲೆ ಕೆಳಗೆ ಆಡುವುದು, ಕಾಳು ಮುಟ್ಟದಿರುವುದು ಮೋಲ್ಟಿನ ಲಕ್ಷಣ ಅಲ್ಲ. ಹಕ್ಕಿ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ, ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ ಎಂದರು. 350 ರೂಪಾಯಿಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದೆವು. ಅದರ ಮೇಲೆ ನನ್ನ ದಾರದ ಉರುಳೆ ಇಟ್ಟು ಸೊನ್ನೆ ಮಾಡಿದರೆ ಚಿನ್ನಿ ತಾನಾಗಿ ಹತ್ತಿ ಕೂರುತ್ತಿತ್ತು. ಮೊದಲ ದಿನ 88 ಗ್ರಾಂ. ಹತ್ತರಲ್ಲಿ ಒಂದು ಪಾಲು ಇಳಿದರೆ ಕಾಯಬೇಡಿ, ಹೊರಟುಬನ್ನಿ ಎಂದಿದ್ದರು.

ಊಟದ ವಿಷಯಕ್ಕೆ ಮನೆಯಲ್ಲಿ ದೊಡ್ಡ ಮಾತೇ ಆಯಿತು. ಗರಿ ಅಂದರೆ ಬಹುಪಾಲು ಪ್ರೋಟೀನು, ಮೈತುಂಬ ಗರಿ ನೇಯಲು ಹಕ್ಕಿಗೆ ಅಷ್ಟೂ ಊಟದಿಂದಲೇ ಸಿಗಬೇಕು. ಚಿನ್ನಿ ಅಲ್ಲಿಯವರೆಗೆ ತಿಂದದ್ದು ನವಣೆ, ಸೂರ್ಯಕಾಂತಿ ಬೀಜ, ಮತ್ತು ಅತ್ತೆ ಪ್ರೀತಿಯಿಂದ ಕೊಡುವ ಮಂಡಕ್ಕಿ. ನಮ್ಮೂರಲ್ಲಿ ಮಂಡಕ್ಕಿ ಇಲ್ಲದೆ ಸಂಜೆ ಇಲ್ಲ. ಆದರೆ ಅದರಲ್ಲಿ ಉಪ್ಪಿರುತ್ತದೆ, ಹಕ್ಕಿಗೆ ಒಳ್ಳೆಯದಲ್ಲ, ನಿಲ್ಲಿಸಿ ಎಂದರು ಡಾಕ್ಟರ್. ಬರೀ ಕಾಳು ತಿಂದ ಹಕ್ಕಿಗೆ ಎ ವಿಟಮಿನ್ ಸಾಲುವುದಿಲ್ಲ, ಅದಕ್ಕೆ ಕ್ಯಾರೆಟ್, ಸಿಹಿಗುಂಬಳ, ನುಗ್ಗೆ ಸೊಪ್ಪು ಕೊಡಿ ಎಂದರು. ಇಲ್ಲಿಯವರೆಗೆ ಸರಿ. ಕೊನೆಗೆ, ವಾರಕ್ಕೆ ಎರಡು ಮೂರು ಸಲ ಗಟ್ಟಿಯಾಗಿ ಬೇಯಿಸಿದ ಮೊಟ್ಟೆ, ಒಂದು ಚಮಚದಷ್ಟು.

ನಮ್ಮದು ಲಿಂಗಾಯತರ ಮನೆ. ಅತ್ತೆ ಬೆಳಿಗ್ಗೆ ಲಿಂಗಪೂಜೆ ಮಾಡದೆ ನೀರೂ ಮುಟ್ಟುವವರಲ್ಲ. ನಮ್ಮ ಒಲೆಯ ಮೇಲೆ ಮೊಟ್ಟೆ ಬೆಂದ ಇತಿಹಾಸವಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ. ಮೊಳಕೆ ಕಟ್ಟಿದ ಹೆಸರುಕಾಳು, ಬೇಯಿಸಿದ ಕಡಲೆ ಕೊಟ್ಟರೆ ಸಾಕೇ ಎಂದು ಡಾಕ್ಟರನ್ನು ಮತ್ತೆ ಕೇಳಿದೆ. ಅವೂ ಒಳ್ಳೆಯವೇ, ಕೊಡಿ, ಆದರೆ ಗರಿಗೆ ಬೇಕಾದ ಗಂಧಕದ ಅಂಶ ಮೊಟ್ಟೆಯಲ್ಲಿ ಹೆಚ್ಚು ಎಂದರು. ಎದುರುಮನೆ ಅಕ್ಕ ತಮ್ಮ ಮನೆಯಲ್ಲಿ ಬೇಯಿಸಿ, ಸಿಪ್ಪೆ ಸಮೇತ ಪುಡಿ ಮಾಡಿ, ಸ್ಟೀಲ್ ಡಬ್ಬಿಯಲ್ಲಿ ಕೊಡಲು ಒಪ್ಪಿದರು. ಹಿತ್ತಲ ಬಾಗಿಲಲ್ಲಿ ಇಸಿದುಕೊಳ್ಳುತ್ತಿದ್ದೆ. ಎರಡನೇ ವಾರ ಅತ್ತೆಗೆ ಗೊತ್ತಾಯಿತು. ಬೈಯುತ್ತಾರೆಂದು ನಿಂತೇ ಇದ್ದೆ. ಅವರು ಪಂಜರದ ಕಡೆ ನೋಡಿ, "ಅದೇನು ಲಿಂಗ ಕಟ್ಟಿಕೊಂಡೈತಾ? ತಿನ್ನಲಿ ಬಿಡು. ಡಬ್ಬಿ ಮಾತ್ರ ಒಳಗೆ ತರಬೇಡ" ಎಂದರು. ಅವತ್ತಿನಿಂದ ಆ ಡಬ್ಬಿ ಹಿತ್ತಲ ಗೂಡಿನಲ್ಲಿ ಇರುತ್ತದೆ. ಸಸ್ಯಾಹಾರಿಗಳ ಮನೆಯಲ್ಲಿ ಹಕ್ಕಿ ಸಾಕಿದವರು ಇದನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ. ಹಕ್ಕಿಗೆಂದೇ ಗುಳಿಗೆಯ ಹಾಗೆ ಮಾಡಿದ ತಿನಿಸು, ಪೆಲೆಟ್ ಕೂಡ ಸಿಗುತ್ತದೆ, ನಾವು 650 ರೂಪಾಯಿಯ ಪೊಟ್ಟಣ ತಂದೆವು. ಕಾಳಿಗೆ ಒಗ್ಗಿದ ಮರಿ ಅದನ್ನು ಒಪ್ಪಲು ಒಂದು ತಿಂಗಳು ಹಿಡಿಯಿತು. ಕಾಳನ್ನು ಒಮ್ಮೆಲೇ ನಿಲ್ಲಿಸಬೇಡಿ, ಹಸಿದು ಸೊರಗುತ್ತದೆಯೇ ಹೊರತು ಪೆಲೆಟ್ ಮುಟ್ಟುವುದಿಲ್ಲ.

ಯುಗಾದಿ ಹೊತ್ತಿಗೆ ತಲೆ ಮೇಲೆ ಹೊಸ ಗರಿ ಮೊಳೆತವು. ನನ್ನ ಪಿನ್‌ಕುಶನ್ನಿಗೆ ಗುಂಡುಸೂಜಿ ಚುಚ್ಚಿಟ್ಟ ಹಾಗೆ ಕುತ್ತಿಗೆಯ ಸುತ್ತ, ಜುಟ್ಟಿನ ಬುಡದಲ್ಲಿ, ಕೆನ್ನೆ ಮೇಲೆ ಸಾಲು ಸಾಲು ಮುಳ್ಳು. ಇವನ್ನೇ ಪಿನ್ ಫೆದರ್ ಅನ್ನುತ್ತಾರೆ. ಮಷಿನ್ನಿನ ದೀಪ ಬಗ್ಗಿಸಿ, ದಾರ ಪೋಣಿಸಲು ಇಟ್ಟುಕೊಂಡ ಭೂತಗನ್ನಡಿಯಲ್ಲಿ ನೋಡಿದೆ. ಒಂದೊಂದು ಮುಳ್ಳೂ ಮೇಣದಂಥ ಬಿಳಿ ಕೊಳವೆ. ಕೊಳವೆಯ ಬುಡ ಕಪ್ಪು ನೀಲಿ, ಅಲ್ಲಿ ರಕ್ತ ಓಡುತ್ತಿರುತ್ತದೆ. ತುದಿ ಒಣಗಿ ಸೀಳಿದ ಕಡೆ ಒಳಗಿನ ಗರಿ ಕುಂಚದ ಹಾಗೆ ಅರ್ಧ ಹೊರಬಂದಿತ್ತು. ಗರಿ ಬಲಿತಂತೆ ರಕ್ತ ಹಿಂದಕ್ಕೆ ಸರಿದು, ಕೊಳವೆ ಪೂರ್ತಿ ಒಣಗಿ, ಹೊಟ್ಟಿನಂತೆ ಉದುರುತ್ತದೆ. ನನ್ನ ಕರಿ ಬಟ್ಟೆಗಳ ಮೇಲೆ ತಲೆಹೊಟ್ಟು ಬಿದ್ದ ಹಾಗೆ ಬೀಳುತ್ತಿದ್ದದ್ದು ಅದೇ. ಕಾಕಟೀಲಿನ ಮೈಯಿಂದ ಮೊದಲೇ ಪೌಡರಿನಂಥ ಧೂಳು ಏಳುತ್ತದೆ, ಮೋಲ್ಟಿನಲ್ಲಿ ಇನ್ನೂ ಹೆಚ್ಚು. ಮನೆಯಲ್ಲಿ ಉಬ್ಬಸದವರಿದ್ದರೆ ಪಂಜರ ಅವರ ಕೋಣೆಯಿಂದ ದೂರವಿರಲಿ.

ಇದೇ ಹೊತ್ತಿಗೆ ಚಿನ್ನಿ ಬದಲಾಗಿಬಿಟ್ಟಿತು. ಕುತ್ತಿಗೆ ತುರಿಸು ಅಂತ ಬಗ್ಗಿಸಿ ನಿಲ್ಲುತ್ತಿದ್ದ ಹಕ್ಕಿ, ಬೆರಳು ಹತ್ತಿರ ತಂದರೆ ಬುಸ್ ಅನ್ನತೊಡಗಿತು. ಮಗಳ ಹೆಬ್ಬೆರಳಿಗೆ ರಕ್ತ ಬರುವ ಹಾಗೆ ಕಚ್ಚಿತು. ಸಿಳ್ಳೆ ನಿಂತಿತು. ಮಧ್ಯಾಹ್ನವೆಲ್ಲ ಒಂದು ಕಾಲ ಮೇಲೆ ತೂಕಡಿಕೆ. ಮಗಳು ರಾತ್ರಿ ದಿಂಬಿಗೆ ಮುಖ ಒತ್ತಿ, "ಅಮ್ಮ, ಚಿನ್ನಿಗೆ ನಾನು ಬೇಡ ಅನ್ನಿಸಿದೆ" ಎಂದು ಬಿಕ್ಕಿದಳು. ಹಲ್ಲು ಬರುವಾಗ ನೀನೂ ನನ್ನನ್ನು ಕಚ್ಚುತ್ತಿದ್ದೆ ಎಂದೆ. ನಿಜವೂ ಅದೇ. ಹಸಿ ಮುಳ್ಳನ್ನು ಮುಟ್ಟಿದರೆ ಅದಕ್ಕೆ ನೋವು. ಕೆಲವರು ಬೇಗ ಬಿಡಿಸಲೆಂದು ಉಗುರಿನಿಂದ ಕೊಳವೆ ಕೀಳುತ್ತಾರೆ, ಹಾಗೆ ಮಾಡಬೇಡಿ. ಪೂರ್ತಿ ಬಿಳಿಚಿ ಒಣಗಿದವನ್ನು ಮಾತ್ರ, ಹಕ್ಕಿ ತಾನೇ ತಲೆ ಬಗ್ಗಿಸಿದಾಗ, ಎರಡು ಬೆರಳ ನಡುವೆ ಮೆಲ್ಲಗೆ ಹೊಸೆದರೆ ಪುಡಿಯಾಗುತ್ತದೆ. ಗುಂಪಿನಲ್ಲಿ ಇದ್ದಿದ್ದರೆ ಜೊತೆಯ ಹಕ್ಕಿ ಕೊಕ್ಕಿನಿಂದ ಮಾಡಿಕೊಡುತ್ತಿದ್ದ ಕೆಲಸ ಅದು. ಒಂಟಿ ಹಕ್ಕಿಗೆ ನಾವೇ ಜೊತೆ.

ತುರಿಕೆಗೆ ನೀರು ಒಳ್ಳೆಯ ಮದ್ದು. ಗಿಡಕ್ಕೆ ಹೊಡೆಯುವ ಹೊಸ ಸ್ಪ್ರೇ ಬಾಟಲಿಯಲ್ಲಿ ಉಗುರುಬೆಚ್ಚಗಿನ ಬರೀ ನೀರು, ಮೇಲಿನಿಂದ ಸೋನೆ ಮಳೆಯ ಹಾಗೆ ಬೀಳಬೇಕು, ಮುಖಕ್ಕೆ ನೇರ ಹೊಡೆಯಬಾರದು. ಬೆಳಿಗ್ಗೆ ಹತ್ತರ ಬಿಸಿಲಲ್ಲಿ ಮಾಡಿ, ಸಂಜೆಗೆ ಮೈ ಒಣಗಿರಬೇಕು. ಮೊದಲ ದಿನ ಹೆದರಿ ಪಂಜರದ ಸರಳಿಗೆ ಅಂಟಿಕೊಂಡಿತು. ನಾಲ್ಕನೇ ದಿನ ರೆಕ್ಕೆ ಬಿಚ್ಚಿ, ಬಾಲ ಅಗಲಿಸಿ, ತಲೆಕೆಳಗಾಗಿ ನೇತುಬಿದ್ದು ನೆನೆಯಿತು.

ಏಪ್ರಿಲ್ ಬಂತು. ಫ್ಯಾನಿಲ್ಲದೆ ದಾವಣಗೆರೆಯಲ್ಲಿ ಏಪ್ರಿಲ್ ಕಳೆಯಲು ಆಗದು, ಫ್ಯಾನ್ ತಿರುಗುವಾಗ ಹಕ್ಕಿ ಬಿಡಲು ಆಗದು. ಗರಿ ಕತ್ತರಿಸಿದ ಹಕ್ಕಿ ಹಾರುವುದಿಲ್ಲ ಅಂದುಕೊಳ್ಳಬೇಡಿ, ಮೋಲ್ಟಿನಲ್ಲಿ ಹೊಸ ಗರಿ ಬಂದಂತೆ ಒಂದು ದಿನ ಹೇಳದೆ ಕೇಳದೆ ಏಳುತ್ತದೆ. ಚಿನ್ನಿ ಪಂಜರದ ಹೊರಗಿದ್ದಾಗ ಸ್ವಿಚ್ಚಿಗೆ ಕೆಂಪು ಬಟ್ಟೆಯ ಪಟ್ಟಿ ಕಟ್ಟುವ ಪದ್ಧತಿ ಮಾಡಿದೆ. ಪಟ್ಟಿ ಇದ್ದರೆ ಯಾರೂ ಫ್ಯಾನ್ ಹಾಕುವಂತಿಲ್ಲ. ಬೆವರು ಸುರಿಸುತ್ತಾ ಹೊಲಿದೆ. ರೇಷ್ಮೆ ಬ್ಲೌಸಿನ ಮೇಲೆ ಬೆವರ ಹನಿ ಬಿದ್ದು ಕಲೆಯಾದ ಒಂದಕ್ಕೆ ಬಟ್ಟೆ ದುಡ್ಡು ವಾಪಸ್ ಕೊಟ್ಟೆ.

ಆಮೇಲೆ ಆ ರಾತ್ರಿ. ಎರಡು ಗಂಟೆಯ ಸುಮಾರು ಕರೆಂಟ್ ಹೋಯಿತು. ಇನ್ವರ್ಟರ್ ಕೀಕ್ ಅಂದಿತು. ಅದರ ಹಿಂದೆಯೇ ನಡುಮನೆಯಲ್ಲಿ ಡಬ್ಬಿ ಉರುಳಿದ ಹಾಗೆ ಸದ್ದು. ಎದ್ದು ಓಡಿದೆ. ಚಿನ್ನಿ ಕತ್ತಲಲ್ಲಿ ಪಂಜರದ ಸರಳಿಂದ ಸರಳಿಗೆ ಬಡಿದಾಡುತ್ತಿತ್ತು. ಬೆಚ್ಚಗಿರಲಿ ಎಂದು ನಾನು ದಪ್ಪ ಬೆಡ್‌ಶೀಟನ್ನು ಸುತ್ತಲೂ ಮುಚ್ಚಿದ್ದೆ, ಒಳಗೆ ಗವಿಯ ಕತ್ತಲು. ಮೊಬೈಲ್ ಬೆಳಕು ಹಾಕಿ ಶೀಟ್ ಎಳೆದರೆ ಕೋಲಿನ ಮೇಲೆ ರಕ್ತ, ತಳದ ಕಾಗದದ ಮೇಲೆ ರಕ್ತ, ಬಲರೆಕ್ಕೆಯ ತುದಿಯಿಂದ ಇನ್ನೂ ಹನಿಯುತ್ತಿದೆ.

ಕಾಕಟೀಲುಗಳಿಗೆ ಈ ರಾತ್ರಿಯ ಬೆಚ್ಚಿಬೀಳುವಿಕೆ ಬಹಳ. ಹಲ್ಲಿ ಓಡಿದರೂ ಸಾಕು, ಕತ್ತಲಲ್ಲಿ ಏನೂ ಕಾಣದೆ ಹಾರಲು ಹೋಗಿ ಬಡಿದುಕೊಳ್ಳುತ್ತವೆ. ಬೆಳೆಯುತ್ತಿರುವ ರೆಕ್ಕೆಗರಿಯ ಕೊಳವೆ ತುಂಬ ರಕ್ತವಿರುತ್ತದೆ, ಮುರಿದರೆ ತೆರೆದ ನಳದ ಹಾಗೆ ಸುರಿಯುತ್ತದೆ. ಇಷ್ಟು ಸಣ್ಣ ಮೈಯಲ್ಲಿ ಇರುವ ರಕ್ತವೇ ಎಷ್ಟು?

ನಮ್ಮನೆಯವರು ಟವೆಲಿನಲ್ಲಿ ಸುತ್ತಿ ಹಿಡಿದರು, ಎದೆ ಒತ್ತದ ಹಾಗೆ. ಹಕ್ಕಿಯ ಎದೆ ಒತ್ತಿದರೆ ಅದಕ್ಕೆ ಉಸಿರಾಡಲು ಬರುವುದಿಲ್ಲ. ಅತ್ತೆ ಅರಿಶಿನದ ಡಬ್ಬಿ ತಂದರು. ಡಾಕ್ಟರ್ ಮೊದಲೇ ಕಾರ್ನ್‌ಫ್ಲೋರ್ ಎಂದು ಹೇಳಿದ್ದು ನೆನಪಾಯಿತು. ಗೋಬಿ ಮಂಚೂರಿ ಮಾಡಲು ಮಗಳು ತರಿಸಿದ್ದ ಪೊಟ್ಟಣ ಶೆಲ್ಫಿನಲ್ಲಿತ್ತು. ಮುರಿದ ಜಾಗಕ್ಕೆ ಒಂದು ಚಿಟಿಕೆ ಹಾಕಿ ಶುದ್ಧ ಬಟ್ಟೆಯ ತುಂಡಿನಿಂದ ಒತ್ತಿ ಹಿಡಿದೆ. ಐದು ನಿಮಿಷ ಬಿಡದೆ. ನನ್ನ ಬೆರಳ ಕೆಳಗೆ ಅದರ ಎದೆಬಡಿತ ಮಷಿನ್ನಿನ ಸೂಜಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ರಕ್ತ ನಿಂತಿತು. ಬೆಳಗಿನವರೆಗೂ ಚಿಕ್ಕ ದೀಪ ಹಚ್ಚಿ ಪಂಜರದ ಪಕ್ಕ ಕೂತೆವು. ಆರು ಗಂಟೆಗೆ ಅದು ರೆಕ್ಕೆ ಕೊಡವಿದ ಕೂಡಲೇ ಮತ್ತೆ ಹನಿಯಿತು. ತೂಕ 81 ಗ್ರಾಂ. ಡಾಕ್ಟರಿಗೆ ಫೋನ್ ಮಾಡಿದೆ. "ಮನೆಯಲ್ಲಿ ಎಳೆಯಬೇಡಿ, ಗರಿಯ ಬೇರಿನ ಗುಳಿ ಹಾಳಾದರೆ ಅಲ್ಲಿ ಮತ್ತೆ ಸರಿಯಾಗಿ ಹುಟ್ಟುವುದಿಲ್ಲ. ಕರೆದುಕೊಂಡು ಬನ್ನಿ."

ಬಸ್ಸಿನಲ್ಲಿ ಹೋಗೋಣವೆಂದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ, ಮೊಮ್ಮಗಳ ಹತ್ತಿರ ಇದ್ದ ನಾಲ್ಕು ಲವ್‌ಬರ್ಡ್‌ಗಳಿಗೆ 444 ರೂಪಾಯಿ ಟಿಕೆಟ್ ಕೊಟ್ಟ ಸುದ್ದಿ ನೆನಪಿತ್ತು, ಟಿಕೆಟ್ ಕೊಟ್ಟರೆ ಕೊಡಲಿ ಎಂದುಕೊಂಡೆ. ಆದರೆ ಗಾಯದ ಹಕ್ಕಿಗೆ ಬಸ್ಸಿನ ಹಾರ್ನು, ಗಾಳಿ ಆಗುವುದಿಲ್ಲವೆಂದು ಭಾವನ ಕಾರು ತೆಗೆದುಕೊಂಡೆವು. ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು. 260 ಕಿಲೋಮೀಟರ್ ದಾರಿಯುದ್ದಕ್ಕೂ ಪುಟ್ಟ ಪೆಟ್ಟಿಗೆ ನನ್ನ ತೊಡೆ ಮೇಲೆ, ಕೋಲನ್ನು ತೀರ ಕೆಳಕ್ಕೆ ಕಟ್ಟಿ, ತಳಕ್ಕೆ ಟವೆಲ್ ಹಾಸಿ. ನೀರಿನ ಬಟ್ಟಲಿನ ಬದಲು ಸೌತೆಕಾಯಿ ಹೋಳು ಇಟ್ಟಿದ್ದೆ, ಚೆಲ್ಲುವುದಿಲ್ಲ. ಎ.ಸಿ. ಗಾಳಿ ನೇರ ಬೀಳದ ಹಾಗೆ ದುಪಟ್ಟಾ ಮುಚ್ಚಿದೆ.

ಹೊರಡುವಾಗ ಪಕ್ಕದ ಮನೆಯವರು, "ಗಿಳಿ ಸಾಕೋದು ಅಪರಾಧ, ದಾರಿಯಲ್ಲಿ ಹಿಡಿದರೆ?" ಎಂದು ಹೆದರಿಸಿದ್ದರು. ಅವರು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ನಮ್ಮ ಹೊಲ, ಮರಗಳಲ್ಲಿ ಕಾಣುವ ಹಸಿರು ಗಿಳಿಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೇ. ಸಂತೆಯಲ್ಲಿ ಯಾರಾದರೂ ಮಾರಿದರೂ ಕೊಳ್ಳಬೇಡಿ. ಆಸ್ಪತ್ರೆಯಲ್ಲಿ ನಮ್ಮ ಪಕ್ಕ ಕೂತವರ ಹತ್ತಿರ ಆಫ್ರಿಕನ್ ಗ್ರೇ ಗಿಳಿ ಇತ್ತು, ಜೊತೆಗೆ ಒಂದು ಫೈಲು. ಹೊರದೇಶದ ಹಕ್ಕಿಗಳಲ್ಲೂ ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಗ್ರೇ, ಮಕಾವ್, ಕಾನ್ಯೂರ್ ಗಿಳಿಗಳಂಥವನ್ನು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು, ಒಂದಕ್ಕೆ 1,000 ರೂಪಾಯಿ ಶುಲ್ಕ ಎಂದು ಅವರು ಕಾಗದ ತೆಗೆದು ತೋರಿಸಿದರು. ಕಾಕಟೀಲ್, ಬಡ್ಜಿ ಎಂಬ ಪುಟ್ಟ ಗಿಳಿ ಆ ಪಟ್ಟಿಯಲ್ಲಿ ಇಲ್ಲ. ಆದರೂ ಕೊಂಡ ರಸೀತಿ, ಮರಿಯ ಫೋಟೊ ನನ್ನ ಮೊಬೈಲಿನಲ್ಲಿ ಇಟ್ಟುಕೊಂಡಿದ್ದೇನೆ.

ಎರಡು ಗಂಟೆ ಕಾದೆವು. ನಾಯಿ ಬೊಗಳುವ ಕಡೆ ಕೂರದೆ, ಹೊರಗೆ ಮರದ ಕೆಳಗೆ. ಒಳಗೆ ಹೋದ ಮೇಲೆ ಕೆಲಸ ಐದೇ ನಿಮಿಷದ್ದು. ಡಾಕ್ಟರ್ ಒಂದು ಕೈಯಲ್ಲಿ ರೆಕ್ಕೆಯ ಮೂಳೆಗೆ ಆಧಾರ ಕೊಟ್ಟು, ಚಿಮ್ಮಟದಲ್ಲಿ ಮುರಿದ ಗರಿಯ ಬುಡ ಹಿಡಿದು, ಬೆಳೆದ ದಿಕ್ಕಿಗೇ ನೇರವಾಗಿ ಎಳೆದರು. ಚಿನ್ನಿ ಒಮ್ಮೆ ಕಿರುಚಿತು. ನಮ್ಮನೆಯವರು ಗೋಡೆ ಕಡೆ ತಿರುಗಿಕೊಂಡರು. ಗುಳಿಯನ್ನು ಹತ್ತಿಯಿಂದ ಒತ್ತಿ, ರಕ್ತ ನಿಂತ ಮೇಲೆ ಡಾಕ್ಟರ್ ರೆಕ್ಕೆ ಬಿಡಿಸಿ ತೋರಿಸಿದರು: ಹೊಸದಾಗಿ ಬರುತ್ತಿದ್ದ ಗರಿಯ ಎರಡೂ ಪಕ್ಕ ಅಂಗಡಿಯವರು ಕತ್ತರಿಸಿದ ಮೋಟುಗಳು. ಪಕ್ಕದಲ್ಲಿ ಉದ್ದ ಗರಿ ಇದ್ದರೆ ಎಳೆಯದಕ್ಕೆ ಗೋಡೆಯ ಹಾಗೆ ಆಸರೆ. ಇಲ್ಲಿ ಅದು ಒಂಟಿಯಾಗಿ ಚಾಚಿಕೊಂಡಿತ್ತು, ಪೆಟ್ಟು ಬಿದ್ದ ಕೂಡಲೇ ಮುರಿಯಿತು. ಮೊದಲ ಮೋಲ್ಟ್ ಎದುರಿಗಿರುವ ಮರಿಯ ರೆಕ್ಕೆ ಕತ್ತರಿಸಲು ಬಿಡಬೇಡಿ. ಮಾರುವವರು ಪುಕ್ಕಟೆ ಮಾಡಿಕೊಡುತ್ತೇವೆ ಅಂದರೂ ಬೇಡವೆನ್ನಿ.

ಗಂಡೋ ಹೆಣ್ಣೋ ಎಂಬ ಡಿ.ಎನ್.ಎ. ಪರೀಕ್ಷೆ ಮಾಡಿಸೋಣವೆಂದು ಡೈರಿಯಲ್ಲಿ ಅಂಟಿಸಿದ್ದ ಗರಿಗಳನ್ನು ಒಯ್ದಿದ್ದೆ. ತಾನಾಗಿ ಉದುರಿದ ಗರಿ ಅದಕ್ಕೆ ನೆಚ್ಚಿಕೊಳ್ಳುವಂಥದ್ದಲ್ಲವಂತೆ, ಆಗಷ್ಟೇ ಕಿತ್ತ ಗರಿಯ ಬುಡವೋ ರಕ್ತವೋ ಬೇಕು. "ಯಾಕೆ ದುಡ್ಡು ಹಾಕ್ತೀರಿ? ಇದು ಮಾಮೂಲು ಬೂದು ಬಣ್ಣದ್ದು. ಮೋಲ್ಟ್ ಮುಗಿಯಲಿ, ಮುಖವೇ ಹೇಳುತ್ತೆ" ಎಂದು ನಕ್ಕರು. ಮರಿಗಳೆಲ್ಲ ಹೆಣ್ಣಿನ ಹಾಗೇ ಕಾಣುತ್ತವೆ, ಮಾರಿದವರೂ ಅದನ್ನೇ ನೋಡಿ ಹೇಳಿರಬೇಕು. ಮಚ್ಚೆ ಮಚ್ಚೆ ಬಣ್ಣದ ಪೈಡ್‌ನಂಥ ಹಕ್ಕಿಗಳಿಗೆ ಈ ಲೆಕ್ಕ ನಡೆಯುವುದಿಲ್ಲ, ಅವಕ್ಕೆ ಪರೀಕ್ಷೆಯೇ ಗತಿ.

ಖರ್ಚು ಕೇಳುವವರಿಗೆ: ಡಾಕ್ಟರ್ ಫೀಸು, ಗರಿ ತೆಗೆದದ್ದು, ಹಿಕ್ಕೆ ಪರೀಕ್ಷೆ ಸೇರಿ 1,600. ಡೀಸೆಲ್ಲು, ಟೋಲು, ಊಟ 4,200. ತಕ್ಕಡಿ, ಪೆಲೆಟ್, ದೀಪ, ಆ ಕೆಲಸಕ್ಕೆ ಬಾರದ ಸ್ಪ್ರೇ ಎಲ್ಲ ಕೂಡಿ 1,300. ಹಕ್ಕಿಯ ಬೆಲೆಗಿಂತ ಹೆಚ್ಚು. ಹಕ್ಕಿ ತರುವ ದಿನವೇ ಇಷ್ಟು ದುಡ್ಡನ್ನು ಒಂದು ಕಡೆ ತೆಗೆದಿಡಿ, ಹತ್ತಿರದ ಹಕ್ಕಿ ಡಾಕ್ಟರ್ ಯಾರೆಂದು ಅವತ್ತೇ ವಿಚಾರಿಸಿಡಿ. ರಾತ್ರಿ ಎರಡು ಗಂಟೆಗೆ ಹುಡುಕಲು ಆಗುವುದಿಲ್ಲ.

ಊರಿಗೆ ಬಂದ ಮೇಲೆ ಬದಲಿಸಿದ್ದು ಮೂರು. ಪಂಜರಕ್ಕೆ ತೆಳು ಕಾಟನ್ ಬಟ್ಟೆ ಮೂರೇ ಕಡೆ, ಒಂದು ಕಡೆ ತೆರೆದು. ಅದರ ಎದುರಿಗೆ 120 ರೂಪಾಯಿಯ ಮಂಕು ದೀಪ, ಕರೆಂಟ್ ಹೋದರೂ ಉರಿಯುವಂಥದ್ದು. ರಾತ್ರಿ ಎಂಟಕ್ಕೆ ನಡುಮನೆ ಟಿ.ವಿ. ಬಂದ್. ಅತ್ತೆ ತಮ್ಮ ಧಾರಾವಾಹಿಯನ್ನು ಮಾರನೇ ದಿನ ಮೊಮ್ಮಗಳ ಮೊಬೈಲಿನಲ್ಲಿ ನೋಡಿಕೊಂಡರು, ಒಂದು ಮಾತು ಆಡಲಿಲ್ಲ.

ಮೇ ತಿಂಗಳ ಎರಡನೇ ವಾರ ಬೆಳಿಗ್ಗೆ ಮಗಳು ನನ್ನನ್ನು ಕೂಗಿದಳು. ಚಿನ್ನಿಯ ಕೆನ್ನೆಯ ಮುಳ್ಳು ಬಿಚ್ಚಿಕೊಂಡಿದ್ದವು. ಬೂದು ಮುಖದ ನಡುವೆ, ಕೊಕ್ಕಿನ ಬುಡದಲ್ಲಿ, ಸಾಸಿವೆ ಹೂವಿನ ಹಳದಿಯ ಒಂದು ಗೆರೆ. ದಿನಕ್ಕೊಂದಿಷ್ಟು ಹರಡಿತು. ಹತ್ತು ದಿನದಲ್ಲಿ ಮುಖ ಪೂರ್ತಿ ಹಳದಿ, ಕಿತ್ತಳೆ ಬೊಟ್ಟು ಕುಂಕುಮದಷ್ಟು ಗಾಢ. ಬಾಲದ ಅಡಿಯಲ್ಲಿದ್ದ ಅಡ್ಡಪಟ್ಟೆಗಳು ಬಿದ್ದ ಗರಿಗಳ ಜೊತೆ ನನ್ನ ಡೈರಿ ಸೇರಿದ್ದವು, ಹೊಸ ಬಾಲದ ಅಡಿ ಪಟ್ಟೆಯಿಲ್ಲದ ಕಪ್ಪು. ಗಂಡು. ಫೋಟೊ ಕಳಿಸಿದೆ, ಡಾಕ್ಟರ್ ಹೆಬ್ಬೆರಳು ತೋರಿಸಿದರು. ಹೆಸರು ಬದಲಿಸೋಣವೇ ಎಂದರೆ ಮಗಳು ಒಪ್ಪಲಿಲ್ಲ. "ಅದಕ್ಕೆ ಗೊತ್ತಿರೋದು ಇದೊಂದೇ ಹೆಸರು." ಅದೇ ವಾರ ಸಿಳ್ಳೆ ವಾಪಸ್ ಬಂತು. ಗ್ಯಾಸ್ ಸಿಲಿಂಡರ್ ಗಾಡಿಯವನ ಹಾರ್ನು, ಅತ್ತೆ ಹೂವಿನವಳನ್ನು ಕರೆಯುವ ರಾಗ, ಎರಡನ್ನೂ ಜೋಡಿಸಿ ಹಾಡುತ್ತಾನೆ. ಕುತ್ತಿಗೆ ತುರಿಸು ಅಂತ ಮಗಳ ಮುಂದೆ ಮತ್ತೆ ತಲೆ ಬಗ್ಗಿಸುತ್ತಾನೆ.

ಕಿತ್ತ ಜಾಗದ ಗರಿ ಬರಲು ಆರು ವಾರಕ್ಕೂ ಮೀರಿ ಹಿಡಿಯಿತು. ಮೊದಲು ಚರ್ಮದ ಕೆಳಗೆ ಸಾಸಿವೆಯಷ್ಟು ಉಬ್ಬು, ಆಮೇಲೆ ನೀಲಿ ಮುಳ್ಳು. ಈ ಸಲ ಎರಡೂ ಪಕ್ಕ ಮೋಟು ಬಿದ್ದುಹೋಗಿ ಉದ್ದ ಗರಿಗಳು ನಿಂತಿದ್ದವು. ಜೂನ್ ಮೊದಲ ಸೋಮವಾರ, ಶಾಲೆ ಶುರುವಾದ ದಿನ, ಮಗಳು ಬ್ಯಾಗ್ ಹಾಕಿಕೊಂಡು ಬಾಗಿಲಿಗೆ ಹೋದಳು. ಚಿನ್ನಿ ಮಷಿನ್ನಿನ ಮೇಲಿನಿಂದ ಎದ್ದು, ಇಡೀ ನಡುಮನೆ ದಾಟಿ, ಬೀರುವಿನ ತಲೆ ಮೇಲೆ ಹೋಗಿ ಕೂತ. ಸ್ವಿಚ್ಚಿಗೆ ಕೆಂಪು ಪಟ್ಟಿ ಕಟ್ಟಿತ್ತು. ಕೆಳಗೆ ಇಳಿಸಿ ತಕ್ಕಡಿ ಮೇಲೆ ಕೂರಿಸಿದೆ. 93 ಗ್ರಾಂ.

ನಿನ್ನೆ ರಾತ್ರಿ ಗುಡುಗಿಗೆ ಕರೆಂಟ್ ಹೋಯಿತು, ಇನ್ವರ್ಟರ್ ಕೂಗಿತು. ಎದ್ದು ಹೋಗಿ ನೋಡಿದೆ. ಮಂಕು ದೀಪದ ಎದುರು ಒಂದು ಕಾಲು ಮಡಚಿ, ಕೊಕ್ಕನ್ನು ಬೆನ್ನಿನ ಹೊಸ ಪುಕ್ಕದೊಳಗೆ ತೂರಿಸಿಕೊಂಡು ಮಲಗಿದ್ದ. ಒಂದು ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿಕೊಂಡ.